ಫುಟ್‌ಪಾತ್ ಇದ್ದರೂ ಅಮ್ಮ ರಸ್ತೆಯಲ್ಲೇ ನಡೆಯುತ್ತಾಳೆ

ಅಮ್ಮನಿಗೆ 71 ವರ್ಷ. ಹಾಸನದ ನಮ್ಮ ಮನೆಯಿಂದ ಕಟ್ಟಿನಕೆರೆ ಮಾರ್ಕೆಟ್ಟಿಗೆ ಈಗಲೂ ನಡೆದೇ ಹೋಗುತ್ತಾಳೆ. ಕೈಯಲ್ಲಿ ಎರಡು ಬಟ್ಟೆ ಚೀಲ. ನಡೆಯುವುದು ಮಾತ್ರ ಡಾಂಬರಿನ ಅಂಚಿನಲ್ಲಿ, ಆಟೋ ಕನ್ನಡಿ ಮೊಣಕೈಗೆ ತಾಗುವಷ್ಟು ಹತ್ತಿರ. ಎಷ್ಟೋ ಸಲ ರೇಗಿದ್ದೇನೆ. "ಪಕ್ಕದಲ್ಲೇ ಫುಟ್‌ಪಾತ್ ಇದ್ಯಲ್ಲಮ್ಮ, ಅದರ ಮೇಲೆ ನಡೆಯೋಕೆ ಏನು ಕಷ್ಟ?"

"ನೀನೊಂದ್ಸಲ ಚೀಲ ಹಿಡ್ಕೊಂಡು ನಡ್ದು ನೋಡು ಮಗ, ಆಮೇಲೆ ಹೇಳು" ಅಂದಳು.

ಒಂದು ಭಾನುವಾರ ನಡೆದು ನೋಡಿದೆ. ನಮ್ಮ ಕಡೆ ಫುಟ್‌ಪಾತ್ ಅಂದರೆ ಚರಂಡಿ ಮೇಲೆ ಹಾಸಿದ ಚಪ್ಪಡಿ ಕಲ್ಲು. ಒಬ್ಬೊಬ್ಬರು ತಮ್ಮ ಗೇಟಿಗೆ, ಅಂಗಡಿಗೆ ತಕ್ಕಂತೆ ಅದನ್ನು ಏರಿಸಿಕೊಂಡಿದ್ದಾರೆ, ಇಳಿಜಾರು ಮಾಡಿಕೊಂಡಿದ್ದಾರೆ. ಅರ್ಧ ಕಿಲೋಮೀಟರ್ ಕೂಡ ಇಲ್ಲದ ದಾರಿಯಲ್ಲಿ ನಾನು 23 ಸಲ ಹತ್ತಿ ಇಳಿದೆ. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಕಬ್ಬಿನ ಹಾಲಿನ ಗಾಡಿ. ಒಂದು ಚಪ್ಪಡಿ ಮುರಿದು ಬಿದ್ದಿತ್ತು, ಯಾರೂ ಕಾಲು ಹಾಕದಿರಲಿ ಅಂತ ಅಲ್ಲಿ ಯಾರೋ ಪುಣ್ಯಾತ್ಮರು ಹೊಂಗೆ ಕೊಂಬೆ ನೆಟ್ಟಿದ್ದರು. ಅದನ್ನು ಬಳಸಿ ರಸ್ತೆಗೆ ಇಳಿದವನು ಮತ್ತೆ ಮೇಲೆ ಹತ್ತಲೇ ಇಲ್ಲ. ಮಾರ್ಕೆಟ್ ಹತ್ತಿರ ಬಂದಾಗಲೇ ಅದು ಗಮನಕ್ಕೆ ಬಂದಿದ್ದು. ನಾನು ಯೋಚನೆ ಮಾಡಿ ಇಳಿದಿರಲಿಲ್ಲ, ಕಾಲು ತಾನೇ ಇಳಿದಿತ್ತು.

ಫುಟ್‌ಪಾತ್ ಹೇಗಿರಬೇಕು ಅಂತ ನಮ್ಮ ದೇಶದಲ್ಲಿ ಲೆಕ್ಕ ಇಲ್ಲದೇ ಇಲ್ಲ. ರಸ್ತೆ ಹೇಗಿರಬೇಕು ಅಂತ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ 2012ರಲ್ಲೇ ಬರೆದಿಟ್ಟಿದೆ: ಅಡ್ಡಿ ಆತಂಕ ಇಲ್ಲದೆ ನಡೆಯೋಕೆ ಕನಿಷ್ಠ 1.8 ಮೀಟರ್ ಅಗಲ, ರಸ್ತೆಯಿಂದ ಎತ್ತರ 150 ಮಿಲಿಮೀಟರಿಗಿಂತ ಜಾಸ್ತಿ ಬೇಡ. ಅಂದರೆ ಅರ್ಧ ಅಡಿ, ಒಂದು ಮೆಟ್ಟಿಲಿನಷ್ಟು. ನಮ್ಮ ಬೀದಿಯಲ್ಲಿ ಕೆಲವು ಕಡೆ ಅದು ಅಮ್ಮನ ಮಂಡಿಗೆ ಬರುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರಿಯಾದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಕೆಳಗೆ ಬರುವ ಹಕ್ಕು ಅಂತ ಹೇಳಿತು. ಬದುಕುವ ಹಕ್ಕಿನ ಜೊತೆಗೇ ಅದೂ ಸೇರಿಕೊಂಡಿತು. ಅಮ್ಮನಿಗೆ ಇದನ್ನು ಓದಿ ಹೇಳಿದೆ. "ಚಪ್ಪಡಿ ಹಾಕೋರಿಗೆ ಹೇಳು" ಅಂದಳು.

ನಮ್ಮೂರಲ್ಲಿ ಏನೇ ಎಡವಟ್ಟಾದರೂ ಒಂದು ಮಾತು ರೆಡಿ ಇರುತ್ತದೆ: "ನಮ್ ಜನಕ್ಕೆ ಬುದ್ಧಿ ಇಲ್ಲ." ಡಿವೈಡರ್ ಹಾರಿದರೆ ಬುದ್ಧಿ ಇಲ್ಲ, ಗೋಡೆ ಪಕ್ಕ ನಿಂತರೆ ಬುದ್ಧಿ ಇಲ್ಲ, ರಸ್ತೆ ಮೇಲೆ ಸೊಪ್ಪು ಮಾರಿದರೆ ಬುದ್ಧಿ ಇಲ್ಲ. ಇದೇ ಜನ ಹಾಸನದಲ್ಲಿ ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು ಮೆಟ್ರೋಗೆ ಹೋದರೆ ಗೆರೆ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೇ ಮುಗಿಸಿ ಒಳಗೆ ಬರುತ್ತಾರೆ. ಮೂರು ಗಂಟೆಯ ರೈಲಿನಲ್ಲಿ ಬುದ್ಧಿ ಬಂತಾ? ದಂಡದ ಭಯ ಇದೆ, ಇಲ್ಲ ಅಂತಲ್ಲ. ಆದರೆ ಅಲ್ಲಿ ನೆಲದ ಮೇಲೆ ಗೆರೆ ಇದೆ, ಒಬ್ಬೊಬ್ಬರೇ ಹೋಗುವಂಥ ಗೇಟಿದೆ, ಉಗಿಯೋಕೆ ಒಂದು ಕತ್ತಲೆ ಮೂಲೆ ಇಲ್ಲ. ಜಾಗ ಹೇಗಿದೆಯೋ ಜನ ಹಾಗೆ ನಡೆದುಕೊಳ್ಳುತ್ತಾರೆ. ಪೂರ್ತಿ ಹಾಗೇ ಅಂತಲ್ಲ, ಆದರೆ ನಾವು ಅಂದುಕೊಂಡಿರುವುದಕ್ಕಿಂತ ತುಂಬಾ ಜಾಸ್ತಿ.

ಇದು ನಮ್ಮ ಹಳ್ಳಿಯವರಿಗೆ ಯಾವ ಓದೂ ಇಲ್ಲದೆ ಗೊತ್ತು. ಬೇಲೂರು ರಸ್ತೆಯಲ್ಲೋ ಸಕಲೇಶಪುರದ ರಸ್ತೆಯಲ್ಲೋ ಒಂದು ಅಪಘಾತ ಆಗಲಿ, ಊರ ಮುಂದೆ ರಾತ್ರೋರಾತ್ರಿ ಹಂಪ್ ಎದ್ದಿರುತ್ತದೆ. "ನಿಧಾನವಾಗಿ ಚಲಿಸಿ" ಅನ್ನುವ ಬೋರ್ಡು ಹಾಕಿ ಅಂತ ಯಾರೂ ಅರ್ಜಿ ಕೊಡಲ್ಲ. ಬೋರ್ಡು ನೋಡಿ ಬ್ರೇಕ್ ಹಾಕುವ ಡ್ರೈವರನ್ನು ಅವರು ಕಂಡಿಲ್ಲ. ಮಣ್ಣೋ ಜಲ್ಲಿಯೋ ಅಡ್ಡ ಸುರಿದರೆ ಮಂತ್ರಿಯ ಕಾರೂ ನಿಧಾನ ಆಗುತ್ತದೆ.

ಆದರೆ ಹಂಪಿನಲ್ಲೂ ವಿನ್ಯಾಸ ಅನ್ನೋದಿದೆ. ಅದೇ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಲೆಕ್ಕದಲ್ಲಿ ಅದು 3.7 ಮೀಟರ್ ಅಗಲ ಇರಬೇಕು, ಎತ್ತರ ಬರೀ 10 ಸೆಂಟಿಮೀಟರ್. ದೋಸೆ ಕಾವಲಿಯನ್ನು ಬೋರಲು ಹಾಕಿದಂಥ ಮೆಲ್ಲನೆ ಏರು. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದರೆ ಒಳಗಿದ್ದವರಿಗೆ ಏನೂ ಆಗಲ್ಲ, ಅದಕ್ಕಿಂತ ಜೋರಾಗಿ ಬಂದರೆ ಎತ್ತಿ ಹಾಕುತ್ತದೆ. ನಮ್ಮಲ್ಲಿ ಹಾಕುವುದು ಎರಡಡಿ ಅಗಲದ ಗುಡ್ಡ. ಬಸ್ಸಿನ ಹಿಂದಿನ ಸೀಟಿನವರ ಸೊಂಟ ಹೋಗುತ್ತದೆ. ಸ್ಕೂಟರಿನವರು ಇನ್ನೂ ಜಾಣರು. ಹಂಪಿನ ತುದಿಗೂ ಚರಂಡಿಗೂ ನಡುವೆ ಒಂದಡಿ ಸಂದಿ ಬಿಟ್ಟಿರುತ್ತಾರಲ್ಲ, ಮಳೆ ನೀರು ಹೋಗೋಕೆ ಅಂತ, ಅದರಲ್ಲಿ ನುಸುಳುತ್ತಾರೆ. ವೇಗವನ್ನೂ ಕಡಿಮೆ ಮಾಡಲ್ಲ. ಆ ಸಂದಿಯಲ್ಲಿ ಅದೇ ಹೊತ್ತಿಗೆ ಸ್ಕೂಲ್ ಮಕ್ಕಳು ನಡೆದು ಬರುತ್ತಿರುತ್ತಾರೆ. ಮಕ್ಕಳನ್ನು ಉಳಿಸೋಕೆ ಹಾಕಿದ ಹಂಪು ಸ್ಕೂಟರನ್ನು ಮಕ್ಕಳ ಮೈಮೇಲೇ ಕಳಿಸುತ್ತದೆ. ಆ ಒಂದಡಿ ಸಂದಿ ಯಾರ ಗಮನಕ್ಕೂ ಬಂದಿರಲ್ಲ.

ರಸ್ತೆ ಅಗಲ ಮಾಡುವುದರಲ್ಲೂ ಇಂಥದ್ದೇ ಒಂದು ಎಡವಟ್ಟಿದೆ. ಅಗಲವಾದ, ನೇರವಾದ ರಸ್ತೆ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ನಮ್ಮ ಬೀದಿಯನ್ನು ಕೆಲವು ವರ್ಷದ ಹಿಂದೆ ಅಗಲ ಮಾಡಿದರು. ಆಗ ಎಲ್ಲರಿಗೂ ಖುಷಿ, ಸೈಟಿನ ರೇಟು ಏರಿತು. ಅದಕ್ಕೆ ಮೊದಲು ಅಮ್ಮ ಬಸ್ಸಾರು ಮಾಡಿದ ದಿನ ಒಂದು ಪಾತ್ರೆ ಎದುರು ಮನೆ ಅಜ್ಜಿಗೆ ಹೋಗುತ್ತಿತ್ತು. ಸೆರಗಿನಲ್ಲಿ ಪಾತ್ರೆ ಹಿಡಿದು ಹತ್ತು ಹೆಜ್ಜೆ ಹಾಕಿದರೆ ಆಯಿತು. ಈಗ ಆ ಕಡೆ ಈ ಕಡೆ ನೋಡಿ, ಟಿಪ್ಪರ್ ಹೋಗಲಿ ಅಂತ ನಿಂತು, ಕೈ ಅಡ್ಡ ಮಾಡಿ ಓಡಬೇಕು. ಪಾತ್ರೆ ಹಿಡಿದು ಓಡೋಕಾಗುತ್ತಾ? ಸಾರು ನಿಂತಿತು. ಗೌರಿ ಹಬ್ಬಕ್ಕೆ ಬಾಗಿನ, ಯುಗಾದಿಗೆ ಒಬ್ಬಟ್ಟು, ಅಷ್ಟೇ ಉಳಿಯಿತು. ಅವರಿಬ್ಬರೂ ಜಗಳ ಆಡಿಲ್ಲ. ಈಗ ಫೋನಿನಲ್ಲಿ ಮಾತಾಡುತ್ತಾರೆ, ಕಿಟಕಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರುವಾಗಲೇ.

ಇದನ್ನು ಅಂಕಿಯಲ್ಲಿ ಹಿಡಿದವರಿದ್ದಾರೆ. ಡೊನಾಲ್ಡ್ ಆಪಲ್‌ಯಾರ್ಡ್ ಅಂತ ಒಬ್ಬ ನಗರ ವಿನ್ಯಾಸಕಾರರು 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂರು ಬೀದಿಗಳನ್ನು ಆರಿಸಿಕೊಂಡರು. ಬೇರೆಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ ಥರ, ವಾಹನಗಳ ಸಂಖ್ಯೆ ಮಾತ್ರ ಬೇರೆ. ಒಂದರಲ್ಲಿ ದಿನಕ್ಕೆ ಸುಮಾರು 2,000, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಬೀದಿಯಲ್ಲಿ ನಿಮಗೆ ಗೆಳೆಯರು ಎಷ್ಟು ಜನ ಅಂತ ಕೇಳಿದರು. ಕಡಿಮೆ ವಾಹನದ ಬೀದಿಯಲ್ಲಿ ಸರಾಸರಿ 3 ಜನ, ಜಾಸ್ತಿ ವಾಹನದ ಬೀದಿಯಲ್ಲಿ 0.9. ನಿಮ್ಮ ಮನೆಯ ವ್ಯಾಪ್ತಿ ಎಲ್ಲಿಯವರೆಗೆ ಅಂತ ಗೆರೆ ಎಳೆಯಿರಿ ಅಂದಾಗ ಮೊದಲ ಬೀದಿಯವರು ಇಡೀ ಬೀದಿಯನ್ನೇ ಸೇರಿಸಿಕೊಂಡರು, ಕೊನೆಯವರು ತಮ್ಮ ಕಟ್ಟಡದ ಒಳಗೇ ನಿಂತುಬಿಟ್ಟರು. ಜೀವಮಾನವೆಲ್ಲ ವಾಹನದ ವೇಗ ಮನುಷ್ಯರಿಗೆ ಏನು ಮಾಡುತ್ತದೆ ಅಂತ ಹೇಳುತ್ತಿದ್ದ ಆ ಮನುಷ್ಯ 1982ರಲ್ಲಿ ಅಥೆನ್ಸಿನಲ್ಲಿ ವೇಗವಾಗಿ ಬಂದ ಕಾರು ಗುದ್ದಿ ತೀರಿಕೊಂಡರು.

ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರು-ಮಂಗಳೂರು ಹೆದ್ದಾರಿ ಅಗಲ ಆಗದಿದ್ದರೆ ನಾವೆಲ್ಲ ಇವತ್ತಿಗೂ ಕುಣಿಗಲ್ಲಿನಲ್ಲೇ ಟೀ ಕುಡಿಯುತ್ತಾ ಕೂತಿರುತ್ತಿದ್ದೆವು. ಹೆದ್ದಾರಿ ಬೇರೆ, ಮನೆ ಮುಂದಿನ ಬೀದಿ ಬೇರೆ. ಎರಡನ್ನೂ ಒಂದೇ ಟೇಪಿನಲ್ಲಿ ಅಳೆದದ್ದೇ ತಪ್ಪು.

ಬೀದಿ ಹೀಗಾದ ಮೇಲೆ ಮನೆಗಳೂ ಬದಲಾದವು. ಹಳೇ ಮನೆಗಳಿಗೆ ಜಗಲಿ ಇತ್ತು. ಜಗಲಿಯ ನೆಂಟನಂಥ ಜಗತಿಯನ್ನು ನೋಡಬೇಕಾದರೆ ಬೇಲೂರಿಗೆ ಹೋಗಬೇಕು. 1117ರ ಚೆನ್ನಕೇಶವ ದೇವಸ್ಥಾನ ನಿಂತಿರುವುದು ಜಗತಿಯ ಮೇಲೆ. ನಕ್ಷತ್ರದ ಮೂಲೆಗಳನ್ನು ಹಿಂಬಾಲಿಸಿಕೊಂಡು ಹೋಗುವ ಎತ್ತರದ ಕಟ್ಟೆ ಅದು. ಪ್ರದಕ್ಷಿಣೆ ಹಾಕುವುದು ಅದರ ಮೇಲೇ. ನೇರ ಗೋಡೆ ಇದ್ದಿದ್ದರೆ ಎರಡು ನಿಮಿಷದಲ್ಲಿ ಸುತ್ತಿ ಬರುತ್ತಿದ್ದೆವು. ಇಲ್ಲಿ ಗೋಡೆ ಮಡಿಕೆ ಮಡಿಕೆಯಾಗಿದೆ, ಪ್ರತಿ ಮಡಿಕೆಯಲ್ಲೂ ಒಂದು ಹೊಸ ಮುಖ. ನಾವು ನಿಲ್ಲುತ್ತೇವೆ, ತಲೆ ಎತ್ತುತ್ತೇವೆ, ಮುಂದೆ ಹೋಗುತ್ತೇವೆ. ಯಾವ ಬೋರ್ಡೂ ಇಲ್ಲದೆ ಜನರನ್ನು ನಿಧಾನ ಮಾಡುವ ಕಲೆ ಹೊಯ್ಸಳರಿಗೆ ಗೊತ್ತಿತ್ತು. ಏಪ್ರಿಲ್ ಮಧ್ಯಾಹ್ನ ಹೋದರೆ ಮಾತ್ರ ಬರಿಗಾಲಿಗೆ ಕಲ್ಲು ಸುಟ್ಟು ಎಲ್ಲರೂ ಹಾರಿಕೊಂಡು ನೆರಳಿಗೆ ಓಡುತ್ತಾರೆ, ಅದು ಬೇರೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಓಡುವವರ ಸಂಖ್ಯೆ ಇನ್ನೂ ಜಾಸ್ತಿ ಆಗಿರಬೇಕು.

ಮನೆಯ ಜಗಲಿಯೂ ಇಂಥದ್ದೇ ಕೆಲಸ ಮಾಡುತ್ತಿತ್ತು. ಪೂರ್ತಿ ಮನೆಯೂ ಅಲ್ಲದ, ಪೂರ್ತಿ ಬೀದಿಯೂ ಅಲ್ಲದ ಜಾಗ. ದಾರಿಯಲ್ಲಿ ಹೋಗುವವರು ಕೂರಬಹುದು, ಕಾಫಿ ಆಯ್ತಾ ಅಂತ ಕೇಳಬಹುದು, ಒಳಗೆ ಕರೆಯಬೇಕಾದ ಮುಲಾಜಿಲ್ಲ. ನಗರಗಳ ಬಗ್ಗೆ ಬರೆಯುತ್ತಿದ್ದ ಜೇನ್ ಜೇಕಬ್ಸ್ ಅನ್ನುವ ಲೇಖಕಿ 1961ರಲ್ಲಿ ನ್ಯೂಯಾರ್ಕಿನ ಬೀದಿಗಳನ್ನು ನೋಡಿ ಹೇಳಿದ್ದೂ ಇದನ್ನೇ: ಬೀದಿಯನ್ನು ಕಾಯುವುದು ಬೀದಿಯ ಕಡೆ ನೆಟ್ಟ ಕಣ್ಣುಗಳು, ಮನೆಯವರದು, ಅಂಗಡಿಯವರದು. ಈಗ ನಮ್ಮ ಬಡಾವಣೆಗಳಲ್ಲಿ ಏಳಡಿ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು, ಗೇಟಿಗೆ ತಗಡು, ಮೂಲೆಯಲ್ಲಿ ಸಿಸಿಟಿವಿ. ಕ್ಯಾಮೆರಾ ಎಲ್ಲವನ್ನೂ ನೋಡುತ್ತದೆ, ಆದರೆ "ಯಾರಪ್ಪ ನೀನು, ಯಾರ ಮನೆಗೆ ಬಂದೆ?" ಅಂತ ಕೇಳಲ್ಲ.

ಇಲ್ಲಿಗೆ ಬಂದಾಗ ನಮ್ಮಂಥವರು ಹಳೇ ಕಾಲವನ್ನು ಹೊಗಳೋಕೆ ಶುರು ಮಾಡುತ್ತೇವೆ. ನಾನೂ ಮಾಡುತ್ತಿದ್ದೆ. ಆದರೆ ಹೊಳೆನರಸೀಪುರದ ಕಡೆ ನಮ್ಮ ಅಜ್ಜನ ತೊಟ್ಟಿಮನೆಯ ಜಗಲಿ ನನಗೆ ಚೆನ್ನಾಗಿ ನೆನಪಿದೆ. ಎರಡು ಹಂತ ಇತ್ತು. ಮೇಲಿನದರಲ್ಲಿ ಯಾರು, ಕೆಳಗಿನದರಲ್ಲಿ ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಮೆಟ್ಟಿಲೇ ಹೇಳುತ್ತಿತ್ತು. ಅಂಗಳದಲ್ಲಿ ನಿಂತವರಿಗೆ ಬೇರೆ ಲೋಟ, ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಅವರೇ ತೆಗೆದುಕೊಳ್ಳಬೇಕು, ಅವರೇ ತೊಳೆದಿಡಬೇಕು. ನಾನು ಹುಡುಗನಾಗಿದ್ದಾಗ ಅದು ಲೋಟ ಇಡುವ ಜಾಗ ಅಂತಲೇ ಅಂದುಕೊಂಡಿದ್ದೆ. ಅಜ್ಜಿ ಆ ಜಗಲಿಯ ಮೇಲೆ ಒಂದು ದಿನವೂ ಕಾಲು ಚಾಚಿ ಕೂತಿದ್ದನ್ನು ನಾನು ನೋಡಿಲ್ಲ. ಅವಳ ಪಾಲಿಗೆ ಇದ್ದದ್ದು ನಡುಮನೆಯ ಒಂದು ಗೇಣಿನ ಕಿಟಕಿ. ಅಲ್ಲಿಂದ ಜಗಲಿಯವರ ಬೆನ್ನು ಕಾಣುತ್ತಿತ್ತು, ಎಷ್ಟು ಲೋಟ ಕಾಫಿ ಬೇಕು ಅಂತ ಲೆಕ್ಕ ಹಾಕೋಕೆ ಅಷ್ಟು ಸಾಕು. ಸಕಲೇಶಪುರದ ಕಡೆ ತೋಟದ ಕೆಲಸದವರ ಲೈನ್ ಮನೆಗಳೂ ಹಾಗೇ. ಒಂದೇ ಸಾಲು, ನಡುವೆ ಒಂದು ತೆಳು ಗೋಡೆ, ಗಂಡ ಹೆಂಡತಿ ಜಗಳವನ್ನೂ ಪಿಸುಮಾತಲ್ಲೇ ಆಡಬೇಕು. ಯಾರಿಗೆ ಎಷ್ಟು ಗುಟ್ಟು, ಎಷ್ಟು ಮರ್ಯಾದೆ ಅನ್ನುವುದನ್ನು ಮನೆ ಕಟ್ಟಿಸಿದವರು ಗೋಡೆಯ ದಪ್ಪದಲ್ಲೇ ತೀರ್ಮಾನ ಮಾಡಿದ್ದರು.

ಹಾಗಾಗಿ ಜಗಲಿ ವಾಪಸ್ ಬರಲಿ ಅಂತ ನಾನು ಕೇಳಲ್ಲ. ಕೂರೋಕೆ ಜಾಗ ಎಲ್ಲಿ, ಅದು ಯಾರಿಗೆ ಅಂತ ಕೇಳುತ್ತೇನೆ.

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ವಿಲಿಯಂ ವೈಟ್ ಅನ್ನುವವರು 1970ರ ದಶಕದಲ್ಲಿ ನ್ಯೂಯಾರ್ಕಿನ ದೊಡ್ಡ ಕಟ್ಟಡಗಳ ಮುಂದಿನ ಬಯಲುಗಳಿಗೆ ಕ್ಯಾಮೆರಾ ಇಟ್ಟು ಕಾದರು. ಕೆಲವು ಬಯಲುಗಳಲ್ಲಿ ಜನವೋ ಜನ, ಪಕ್ಕದ್ದು ಖಾಲಿ. ಚಂದಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ, ಬಯಲು ಎಷ್ಟು ದೊಡ್ಡದು ಅನ್ನುವುದಕ್ಕೂ ಇರಲಿಲ್ಲ. ಕೂರೋಕೆ ಜಾಗ ಎಲ್ಲಿತ್ತೋ ಅಲ್ಲಿ ಜನ ಕೂರುತ್ತಿದ್ದರು. ಕೇಳಿದರೆ ನಗು ಬರುತ್ತದೆ, ಇದಕ್ಕೆ ಕ್ಯಾಮೆರಾ ಬೇಕಿತ್ತಾ ಅಂತ. ಆದರೆ ಆ ನಗರ 1975ರಲ್ಲಿ ತನ್ನ ಕಟ್ಟಡ ನಿಯಮವನ್ನೇ ತಿದ್ದಿತು. ವೈಟ್ ಇನ್ನೊಂದನ್ನೂ ಕಂಡರು. ಚೆನ್ನಾಗಿ ಬಳಕೆಯಾಗುವ ಜಾಗಗಳಲ್ಲಿ ಹೆಂಗಸರ ಪಾಲು ಜಾಸ್ತಿ ಇತ್ತು. ಹೆಂಗಸರು ನೋಡಿ ಅಳೆದು ಕೂರುತ್ತಾರೆ, ಅವರು ಕಡಿಮೆ ಇದ್ದರೆ ಆ ಜಾಗದಲ್ಲಿ ಏನೋ ಸರಿಯಿಲ್ಲ ಅಂತ ವೈಟ್ ಅವರ ಲೆಕ್ಕ.

ಈ ಲೆಕ್ಕ ಇಟ್ಟುಕೊಂಡು ನಮ್ಮ ಬೇಕರಿ ನೋಡಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಲ್ಲೇ, ಅದು ನಮಗೊಂದು ಹೆಮ್ಮೆ. ಆ ಅಂಗಡಿಯ ವಿನ್ಯಾಸ ಹೇಗಿದೆ? ಬಾಗಿಲಿಗೆ ಅಡ್ಡವಾಗಿ ಗಾಜಿನ ಕಪಾಟು. ಒಳಗೆ ಅವರು, ಹೊರಗೆ ನಾವು. ಕುರ್ಚಿ ಇಲ್ಲ. ಬಾಡಿಗೆ ಕಟ್ಟುವವರಿಗೆ ಇದು ಒಳ್ಳೇ ಉಪಾಯ: ಖಾರಾ ಬನ್ನು ನಿಂತು ತಿಂದರೆ ಐದು ನಿಮಿಷ, ಕೂತರೆ ಅರ್ಧ ಗಂಟೆ. ಸಂಜೆ ಐದೂವರೆಗೆ ಎನ್‌ಆರ್ ಸರ್ಕಲ್ ಕಡೆ ಯಾವ ಬೇಕರಿ ಮುಂದೆ ಬೇಕಾದರೂ ನಿಲ್ಲಿ. ಟೀ ಲೋಟ ಹಿಡಿದು, ಒಂದು ಕಾಲು ಬೈಕಿನ ಫುಟ್‌ರೆಸ್ಟ್ ಮೇಲೆ ಇಟ್ಟು ರಾಜಕೀಯ ಮಾತಾಡುವವರೆಲ್ಲ ಗಂಡಸರು. ಹೆಂಗಸರು ಬರುತ್ತಾರೆ, ದಿಲ್‌ಪಸಂದ್ ಕಟ್ಟಿಸಿಕೊಂಡು ಹೋಗುತ್ತಾರೆ. ಹೆಂಗಸರು ನಿಲ್ಲಬಾರದು ಅಂತ ಯಾವ ಬೇಕರಿಯವರೂ ಬರೆದು ಹಾಕಿಲ್ಲ. ಬೀದಿಯಲ್ಲಿ ನಿಂತು ತಿನ್ನಬೇಕಾದ ಅಂಗಡಿಯಲ್ಲಿ ಯಾರು ನಿಲ್ಲುತ್ತಾರೆ ಅನ್ನುವುದು ಬರೆಯದೇ ಗೊತ್ತಾಗುತ್ತದೆ, ಅಲ್ವಾ? ಅದೇ ಹೆಂಗಸರು ಮಹಾರಾಜ ಪಾರ್ಕಿನಲ್ಲಿ, ಬೆಳಕಿರುವ ಹೊತ್ತಲ್ಲಿ, ಬೆಂಚ್ ಸಿಕ್ಕರೆ ಗಂಟೆಗಟ್ಟಲೆ ಕೂತು ಮಾತಾಡುತ್ತಾರೆ.

ಇನ್ನು ಗೋಡೆಗೆ ದೇವರ ಟೈಲ್ಸ್ ಅಂಟಿಸುವ ನಮ್ಮ ದೊಡ್ಡ ಸಂಶೋಧನೆ. ಗಣಪತಿ, ಶಿಲುಬೆ, ಮೆಕ್ಕಾ ಮೂರನ್ನೂ ಒಂದೇ ಸಾಲಿನಲ್ಲಿ ಅಂಟಿಸಿ ಸರ್ವಧರ್ಮ ಸಮನ್ವಯ ಸಾಧಿಸಿದ ಗೋಡೆಗಳಿವೆ. ಕೆಲಸ ಮಾಡುತ್ತದಾ? ಮಾಡುತ್ತದೆ. ಟೈಲ್ಸ್ ಇರುವಷ್ಟು ಉದ್ದ ಗೋಡೆ ಒಣಗಿರುತ್ತದೆ. ಟೈಲ್ಸ್ ಮುಗಿದ ಕಡೆಯಿಂದ ಒದ್ದೆ ಶುರು. ಹತ್ತಿರದಲ್ಲಿ ಶೌಚಾಲಯ ಇಲ್ಲದಿದ್ದರೆ ದೇವರೂ ಹತ್ತಡಿ ಆಚೆಗೆ ತಳ್ಳಬಹುದು, ಅಷ್ಟೇ.

ಎಲ್ಲವನ್ನೂ ವಿನ್ಯಾಸದ ತಲೆಗೇ ಕಟ್ಟುವುದೂ ಸರಿಯಲ್ಲ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ. 1950ರ ದಶಕದಲ್ಲಿ ಬಡವರಿಗಾಗಿ ಕಟ್ಟಿದ 33 ಕಟ್ಟಡಗಳು, ಒಂದೊಂದು 11 ಮಹಡಿ. ಲಿಫ್ಟ್ ಎಲ್ಲ ಮಹಡಿಗೂ ನಿಲ್ಲುತ್ತಿರಲಿಲ್ಲ, ಕೆಲವಕ್ಕೆ ಮಾತ್ರ. ಮಿಕ್ಕವರು ಮೆಟ್ಟಿಲಲ್ಲಿ ಹೋಗಬೇಕು, ಆ ಮೆಟ್ಟಿಲಲ್ಲೇ ಸುಲಿಗೆ. 1972ರಲ್ಲಿ ಕೆಡವೋಕೆ ಶುರು ಮಾಡಿದರು. ವಿನ್ಯಾಸ ಕೆಟ್ಟದ್ದಿತ್ತು, ಅದಕ್ಕೇ ಜನ ಕೆಟ್ಟರು ಅಂತ ತುಂಬಾ ದಿನ ಹೇಳಿಕೊಂಡು ಬಂದರು. ಆದರೆ ಅಲ್ಲಿ ನಿರ್ವಹಣೆಗೆ ದುಡ್ಡು ಬರಬೇಕಿದ್ದದ್ದು ಬಾಡಿಗೆಯಿಂದ. ಕೆಲಸ ಕಳೆದುಕೊಂಡ ಊರಿನಿಂದ ಜನ ಖಾಲಿಯಾದರು, ಬಾಡಿಗೆ ಬರಲಿಲ್ಲ, ಕೆಟ್ಟ ಲಿಫ್ಟ್ ಹಾಗೇ ಉಳಿಯಿತು. ಯಾವ ನಕ್ಷೆಯೂ ಕರೆಂಟ್ ಬಿಲ್ ಕಟ್ಟಲ್ಲ.

ನಮ್ಮ ಕಡೆ ಊರೂರಲ್ಲೂ ಕಟ್ಟಿರುವ ಮಾರ್ಕೆಟ್ ಕಟ್ಟಡಗಳಿಗೂ ಇದೇ ಪಾಡು, ಸ್ವಲ್ಪ ಬೇರೆ ಥರ. ಮೇಲಿನ ಮಹಡಿಯಲ್ಲಿ ಮಳಿಗೆ ಕೊಟ್ಟು "ರಸ್ತೆಯಲ್ಲಿ ಕೂರಬೇಡಿ" ಅನ್ನುತ್ತಾರೆ. ಅರ್ಧ ಕೆಜಿ ಬದನೆಕಾಯಿಗೆ ಯಾರು ಮೆಟ್ಟಿಲು ಹತ್ತುತ್ತಾರೆ? ಒಂದು ವಾರಕ್ಕೆ ಬುಟ್ಟಿಗಳು ಕೆಳಗೆ ಇಳಿಯುತ್ತವೆ, ಮೇಲೆ ಪಾರಿವಾಳ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಲ್ಲೂ ಒಂದು ಸಮಿತಿ ಇರಲಿ, ಅದರಲ್ಲಿ ವ್ಯಾಪಾರಿಗಳೂ ಕೂರಲಿ ಅನ್ನುತ್ತದೆ. ನಕ್ಷೆ ಬರೆಯುವ ದಿನ ಅಲ್ಲಿ ಒಬ್ಬ ಸೊಪ್ಪಿನವಳು ಕೂತಿದ್ದಿದ್ದರೆ ಆ ಮಹಡಿಯ ಸಿಮೆಂಟು ಉಳಿಯುತ್ತಿತ್ತು.

ಅಮ್ಮ ಈಗ ಟೈಮ್ ಬದಲಾಯಿಸಿಕೊಂಡಿದ್ದಾಳೆ. ಬೆಳಿಗ್ಗೆ ಆರೂವರೆಗೇ ಹೊರಡುತ್ತಾಳೆ, ಆ ಹೊತ್ತಲ್ಲಿ ರಸ್ತೆ ಖಾಲಿ. ಆದರೆ ಅವಳಿಗೆ ಬೇಕಾದ ಸೊಪ್ಪು ಬರುವುದು ಏಳೂಕಾಲಿಗೆ. ಅಲ್ಲಿಯವರೆಗೆ ಬಾಗಿಲು ಹಾಕಿದ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಜೊತೆಗೆ ಅವಳ ವಯಸ್ಸಿನ ಇನ್ನಿಬ್ಬರು ಸೇರಿಕೊಂಡಿದ್ದಾರೆ, ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರಂತೆ. ಮೊನ್ನೆ ನಾನು ಬೈಕಿನಲ್ಲಿ ಆ ಕಡೆ ಹೋದಾಗ ಮೂವರೂ ಕಾಲು ಚಾಚಿಕೊಂಡು ಕೂತು ಯಾವುದಕ್ಕೋ ನಗುತ್ತಿದ್ದರು. ಸೊಪ್ಪಿನ ಗಾಡಿ ಬಂದು ನಿಂತಿತ್ತು, ಆದರೂ ಎದ್ದಿರಲಿಲ್ಲ. ಒಂಬತ್ತಕ್ಕೆ ಅಂಗಡಿಯವನು ಬಂದು ಶಟರ್ ಎತ್ತುತ್ತಾನೆ. ಅಷ್ಟರೊಳಗೆ ಸೆರಗಿನಲ್ಲಿ ಮೆಟ್ಟಿಲು ಒರೆಸಿ ಏಳುತ್ತಾರಂತೆ.